ಡೆನ್ಮಾರ್ಕಿನ ಬಾಲವಾಡಿಗೆ ಬನಹಟ್ಟಿಯ ಕಾವಲು

ಹೊರಡುವ ಮುಂಚೆ

ಮಕ್ಕಳಿರುವ ಕಡೆ ಸದ್ದಿಲ್ಲವೆಂದರೆ ಅಲ್ಲಿ ಏನೋ ನಡೆದಿದೆ ಎಂದೇ ತಿಳಿಯಬೇಕು. ಬನಹಟ್ಟಿಯ ನೇಕಾರರ ಓಣಿಯಲ್ಲಿ ಬಾಲವಾಡಿ ನಡೆಸಿ ನಾನು ಕಲಿತ ಮೊದಲ ಪಾಠ ಇದು. ನಮ್ಮ ಕೋಣೆಯ ಎಡಕ್ಕೂ ಬಲಕ್ಕೂ ಪಾವರ್‌ಲೂಮುಗಳು. ಆ ಖಟಖಟ ಸದ್ದಿನಲ್ಲೇ ತೊಟ್ಟಿಲಲ್ಲಿ ಮಲಗಿ ಬೆಳೆದ ಮಕ್ಕಳು ಪಕ್ಕದಲ್ಲಿ ಕೂತವರೊಡನೆಯೂ ಒದರಿಯೇ ಮಾತಾಡುತ್ತವೆ. ಒದರಾಟ ಇರುವ ತನಕ ನಾನು ನಿಶ್ಚಿಂತೆಯಿಂದ ಬೆನ್ನು ತಿರುಗಿಸಿ ಉಪ್ಪಿಟ್ಟು ಕಲಕುತ್ತೇನೆ. ಸದ್ದು ನಿಂತಿತೋ, ಯಾರೋ ಯಾರದೋ ಮೂಗಿನಲ್ಲಿ ಶೇಂಗಾ ಬೀಜ ತುರುಕಿದ್ದಾರೆ ಎಂದರ್ಥ.

ಇಂಥ ನಾನು ಡೆನ್ಮಾರ್ಕಿಗೆ ಹೋದದ್ದು ಬಾಣಂತನ ಮಾಡಲು. ಮುಧೋಳಕ್ಕೆ ಕೊಟ್ಟಿದ್ದ ನನ್ನ ತಂಗಿ ಈಗಿಲ್ಲ. ಅವಳ ಮಗಳು ನೀಲಾಗೆ ನಾನೇ ದೊಡ್ಡವ್ವ, ನಾನೇ ಅವ್ವ. ನೀಲಾಳ ಗಂಡ ಬಸವರಾಜ, ರನ್ನ ಬೆಳಗಲಿ ಊರಿನವನು. ಗದಗಿನ ಕಡೆ ಗಾಳಿಯಂತ್ರದ ಕಂಬ ಹತ್ತಿ ರಿಪೇರಿ ಮಾಡುತ್ತಿದ್ದವನು ಅದೇ ಕೆಲಸದ ಮೇಲೆ ಡೆನ್ಮಾರ್ಕಿಗೆ ಹೋಗಿ ನೆಲೆನಿಂತಿದ್ದಾನೆ. ನಾಲ್ಕು ವರ್ಷದ ಮಗಳೊಬ್ಬಳಿದ್ದಾಳೆ, ಗೌರಿ; ಅವಳಿಗೆ ನಾನು ಆಯಿ, ಅಂದರೆ ಅಜ್ಜಿ. ಎರಡನೆಯ ಕೂಸು ನೀಲಾಳ ಹೊಟ್ಟೆಯಲ್ಲಿತ್ತು.

ಬಾಲವಾಡಿಯನ್ನು ನನ್ನ ಜೊತೆ ಕೆಲಸ ಮಾಡುವ ಶಾಂತವ್ವನಿಗೆ ಒಪ್ಪಿಸಿದೆ. ಚಿಮ್ಮಡದಿಂದ ದಿನಾ ಬಸ್ಸಿಗೆ ಬರುವ ಹೆಂಗಸು ಅವಳು. ಬೀಗದ ಕೈ ತಗೊಳ್ಳುತ್ತಾ ಅಂದಳು:

"ಅಕ್ಕಾರ, ಆ ದೇಶದಾಗ ಕೂಸು ಅತ್ತರ ಸರಕಾರದವ್ರು ಬಂದು ಎತ್ಕೊಂಡು ಹೋಗ್ತಾರಂತ. ಬೀಳಗಿಯಾಗ ನಮ್ಮ ಬೀಗರು ಫೋನಿನ್ಯಾಗ ನೋಡ್ಯಾರ."

"ಹಂಗೇನಿಲ್ಲ ಶಾಂತವ್ವ."

"ನನಗೇನ್ರಿ, ಕೇಳಿದ್ದು ಹೇಳಿದೆ. ಕೂಸಿನ ಮ್ಯಾಲ ಒಂದು ಕಣ್ಣಿಟ್ಟಿರ್ರಿ."

ಹಂಗೇನಿಲ್ಲ ಎಂದೆನೇ ಹೊರತು, ಆ ಮಾತು ನನ್ನ ಜೊತೆಗೇ ವಿಮಾನ ಹತ್ತಿತು.

ವಿಮಾನ ನಿಲ್ದಾಣದಲ್ಲಿ

ನನಗಿಂತ ಮೊದಲು ಆ ದೇಶವೇ ನನ್ನ ಮೇಲೆ ಅನುಮಾನಪಟ್ಟಿತು. ಬಾಣಂತಿಯ ಉಂಡಿಗೆಂದು ಜಮಖಂಡಿ ಪೇಟೆಯಿಂದ ತಂದ ಅಂಟು ನನ್ನ ಚೀಲದಲ್ಲಿತ್ತು. ಗಿಡದ ಅಂಟು, ಒಣಗಿದ ಮೇಲೆ ಹರಳು ಹರಳಾಗಿ ಹೊಳೆಯುತ್ತದೆ. ನಮ್ಮಲ್ಲಿ ಅದನ್ನು ತುಪ್ಪದಲ್ಲಿ ಹುರಿದು ತಿನ್ನಿಸಿದರೆ ಬಾಣಂತಿಯ ಸೊಂಟ ಗಟ್ಟಿಯಾಗುತ್ತದೆ. ಅಲ್ಲಿಯ ಅಧಿಕಾರಿಗೆ ಆ ಹರಳು ಬೇರೆಯೇ ಏನೋ ಅನ್ನಿಸಿತು. ಚೀಲವನ್ನೂ ನನ್ನನ್ನೂ ಪಕ್ಕದ ಕೋಣೆಗೆ ಕರೆದೊಯ್ದರು. ನನ್ನ ಇಂಗ್ಲಿಷು ಬಸ್ಸಿನ ಬೋರ್ಡು ಓದುವಷ್ಟು. "ಬೇಬಿ, ಮದರ್, ಲಾಡು" ಎಂದೆ. ಆತ ತಲೆಯಾಡಿಸಲಿಲ್ಲ. ಕೊನೆಗೆ ಒಂದು ಹರಳು ಬಾಯಿಗೆ ಹಾಕಿಕೊಂಡು ಕಟಕಟ ಅಗಿದೆ. ಒಬ್ಬ ಹೆಂಗಸು ಬಂದು ನನ್ನ ಕಣ್ಣುಗಳನ್ನೇ ಬಹಳ ಹೊತ್ತು ನೋಡಿದಳು, ಅಮಲೇರುತ್ತದೋ ಏನೋ ಎಂದು ಕಾಯುವವಳ ಹಾಗೆ. ಏರಲಿಲ್ಲ. ಬಿಟ್ಟರು.

ಹೊರಗೆ ಕಾಯುತ್ತಿದ್ದ ಬಸವರಾಜ ಕೇಳಿದ, "ಅತ್ತಿ, ಯಾಕ ತಡಾ ಆತ್ರಿ?"

"ನನ್ನ ಹಲ್ಲು ಗಟ್ಟಿ ಅದಾವೋ ಇಲ್ಲೋ ನೋಡಾಕತ್ತಿದ್ರು" ಅಂದೆ.

ಕಾಫಿ ಅಂಗಡಿಯ ಮುಂದೆ

ಅವರಿದ್ದದ್ದು ಸಮುದ್ರಕ್ಕೆ ಹತ್ತಿರದ ಸಣ್ಣ ಊರು. ಗಾಳಿ ಬೀಸುತ್ತದೆ, ಆದರೆ ಬಾಗಿಲು ಬಡಿಯುವುದಿಲ್ಲ. ಬಸ್ಸಿನಲ್ಲಿ ಜನ ತುಂಬಿರುತ್ತಾರೆ, ಮಾತಿಲ್ಲ. ರಸ್ತೆಯ ಬದಿಗೆ ಯಾರೋ ಆಲೂಗಡ್ಡೆಯ ಚೀಲಗಳನ್ನಿಟ್ಟು, ಪಕ್ಕಕ್ಕೊಂದು ದುಡ್ಡಿನ ಡಬ್ಬಿ ಇಟ್ಟು ಹೋಗಿರುತ್ತಾರೆ. ಕಾಯುವವರಿಲ್ಲ. ಹಾದುಹೋಗುವಾಗಲೆಲ್ಲ ನಾನು ಗಿಡಗಳ ಹಿಂದೆ ಇಣುಕುತ್ತಿದ್ದೆ. ಯಾರೋ ಅಡಗಿ ಕೂತಿರಲೇಬೇಕು.

ಒಂದು ದಿನ ನೀಲಾಳ ಔಷಧಿ ತರಲು ಹೋದಾಗ ಕಾಫಿ ಅಂಗಡಿಯ ಹೊರಗೆ ಮಕ್ಕಳ ಗಾಡಿಯೊಂದು ನಿಂತದ್ದು ಕಂಡೆ. ಒಳಗೆ ಹಸುಗೂಸು. ಕೆನ್ನೆ ಥಂಡಿಗೆ ಕೆಂಪಾಗಿದೆ. ಸುತ್ತ ಯಾರೂ ಇಲ್ಲ. ಯಾರೋ ಬಿಟ್ಟುಹೋಗಿದ್ದಾರೆ. ನಾಯಿ ಬಂದರೆ? ಕಳ್ಳ ಬಂದರೆ? ಸೀರೆಯ ಮೇಲೆ ಬಸವರಾಜನ ದೊಡ್ಡ ಕೋಟು, ತಲೆಗೆ ಮಂಕಿ ಟೋಪಿ. ಆ ವೇಷದಲ್ಲೇ ಗಾಡಿಯ ಹಿಡಿಕೆ ಹಿಡಿದು ಕಾವಲು ನಿಂತೆ.

ಗಾಜಿನ ಒಳಗಿಂದ ಒಬ್ಬ ಹುಡುಗಿ ಎದ್ದು ಓಡಿ ಬಂದಳು. ಕೂಸಿನ ತಾಯಿ. ಗಾಡಿ ಎಳೆದುಕೊಂಡಳು. ನಾನು "ಗುಡ್ ಬೇಬಿ" ಎಂದೆ. ಅವಳು ನನ್ನ ಮುಖವನ್ನೂ ನನ್ನ ಕೈಯನ್ನೂ ನೋಡಿ, ಕೂಸಿನ ಹೊದಿಕೆ ಮುಟ್ಟಿ ಮುಟ್ಟಿ ನೋಡಿ, ಗಾಡಿ ತಿರುಗಿಸಿಕೊಂಡು ಹೋದಳು. ಕಳ್ಳರಿಂದ ಕೂಸನ್ನು ಕಾಯಲು ನಿಂತ ನಾನೇ ಅವಳ ಕಣ್ಣಿಗೆ ಕಳ್ಳಿಯಾಗಿದ್ದೆ.

ಮನೆಗೆ ಬಂದು ಹೇಳಿದರೆ ನೀಲಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇಲ್ಲಿ ಕೂಸುಗಳನ್ನ ಹೊರಗ ಮಲಗಸ್ತಾರ ಬೇ ದೊಡ್ಡವ್ವ. ತಣ್ಣನ ಗಾಳಿಗೆ ಛಲೋ ನಿದ್ದಿ ಬರ್ತೈತಂತ."

"ನಿನ್ನ ಕೂಸನ್ನ ಹಂಗ ಮಲಗ್ಸು, ನೋಡ್ತೀನಿ ನಾ" ಅಂದೆ.

ಕೂಸು ಹುಟ್ಟಿತು, ಗಂಡು. ಮೊದಲ ಸ್ನಾನದ ದಿನ ಲೋಬಾನದ ಹೊಗೆ ಹಾಕಿದೆ. ಛಾವಣಿಯಲ್ಲಿದ್ದ ಗುಂಡನೆಯ ಯಂತ್ರವೊಂದು ಕಿವಿ ಕಿತ್ತುಹೋಗುವಂತೆ ಕೂಗಿಕೊಂಡಿತು. ಆ ದೇಶದಲ್ಲಿ ನಾನು ಕೇಳಿದ ಮೊದಲ ದೊಡ್ಡ ಸದ್ದು ಅದು. ಬನಹಟ್ಟಿ ನೆನಪಾಗಿ ಒಂದು ಕ್ಷಣ ಹಿತವೆನಿಸಿತು.

ಹಳದಿ ಸಾಲಿ

ಗೌರಿಯನ್ನು ಅವಳ ಸಾಲಿಗೆ ಬಿಟ್ಟು ಕರೆತರುವ ಕೆಲಸ ಅಂದಿನಿಂದ ನನ್ನದಾಯಿತು. ಹಳದಿ ಬಣ್ಣದ ತಗ್ಗು ಕಟ್ಟಡ, ಹಿಂದೆ ಗಿಡಮರಗಳ ಬಯಲು, ಸುತ್ತ ಆಳೆತ್ತರದ ಹಸಿರು ಬೇಲಿ. ಮೊದಲ ದಿನ ನಾನು ನೋಡಿದ್ದಿಷ್ಟು: ಮಳೆ ಬರುತ್ತಿದೆ, ಮಕ್ಕಳೆಲ್ಲ ಹೊರಗಿವೆ. ಒಬ್ಬ ಮರದ ಮೇಲೆ. ಇಬ್ಬರು ಕೆಸರಿನಲ್ಲಿ. ಐದು ವರ್ಷದ ಹುಡುಗಿಯೊಬ್ಬಳು ಕೈಯಲ್ಲಿ ಚಾಕು ಹಿಡಿದು ಕಟ್ಟಿಗೆ ಕೆತ್ತುತ್ತಿದ್ದಾಳೆ. ಟೀಚರು ಪಕ್ಕದಲ್ಲಿ ಕೂತು ನೋಡುತ್ತಿದ್ದಾರೆ, ಕಸಿದುಕೊಳ್ಳುತ್ತಿಲ್ಲ.

ನಮ್ಮಲ್ಲಿ ನಾನು ಬಾಗಿಲಿಗೆ ಅಡ್ಡಪಟ್ಟಿ ಹಾಕಿರುತ್ತೇನೆ. ಹೊರಗೆ ಕಬ್ಬಿನ ಟ್ರ್ಯಾಕ್ಟರ್‌ಗಳು ಎರಡೆರಡು ಟ್ರೇಲರ್ ಎಳೆದುಕೊಂಡು ಹೋಗುತ್ತವೆ, ಒಂದು ಕೂಸು ಹೊಸ್ತಿಲು ದಾಟಿದರೂ ನನ್ನ ಜೀವ ಹೋಗುತ್ತದೆ. ಸುರಕ್ಷೆ ಎಂದರೆ ನನಗೆ ಆ ಅಡ್ಡಪಟ್ಟಿ. ಇಲ್ಲಿ ಚಾಕು ಕೊಟ್ಟು ಕೂರಿಸಿದ್ದಾರೆ.

ಚಾಕುವನ್ನಾದರೂ ಸಹಿಸಿಕೊಂಡೇನು. ಸಹಿಸಿಕೊಳ್ಳಲಾಗದ್ದು ಯೆನ್ಸ್ ಎಂಬ ಆಸಾಮಿಯನ್ನು. ಆರಡಿ ಮೇಲಿನ ಗಂಡಸು, ಕೆಂಚು ಗಡ್ಡ, ಹಿಂದೆ ಕಟ್ಟಿದ ಕೂದಲು. ಅವನೂ ಟೀಚರಂತೆ. ಮಕ್ಕಳನ್ನು ಎತ್ತಿಕೊಳ್ಳುತ್ತಾನೆ, ಮೂಗು ಒರೆಸುತ್ತಾನೆ, ಚಡ್ಡಿ ಬದಲಿಸುತ್ತಾನೆ. ಗೌರಿ ನನ್ನ ಕೈ ಬಿಟ್ಟು ಅವನ ಕಡೆಗೆ ಓಡಿದಳು. ಅವನು ಮೊಳಕಾಲೂರಿ ಕೂತು ಅವಳ ಕಿವಿಯಲ್ಲಿ ಏನೋ ಅಂದ. ಅವಳು ನಕ್ಕಳು.

"ಆ ಗಂಡಸು ಅಲ್ಲಿ ಯಾಕದಾನ?" ಸಂಜೆ ನೀಲಾಳನ್ನು ಕೇಳಿದೆ.

"ಅಂವ ಅದನ್ನ ಓದ್ಯಾನ ಬೇ. ಸಣ್ಣ ಮಕ್ಕಳಿಗೆ ಕಲಸೂದು."

"ಓದಾಕ ಬ್ಯಾರೆ ಏನೂ ಸಿಗಲಿಲ್ಲೇನು?"

ನೀಲಾ ಕೂಸನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿ ಹಾಲೂಡಿಸತೊಡಗಿದಳು. ನಾನೂ ಬಿಟ್ಟೆ. ಬಾಣಂತಿಯ ತಲೆಗೆ ಚಿಂತೆ ಹೊಕ್ಕರೆ ಎದೆಹಾಲು ಬತ್ತುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಾರೆ.

ಬಚ್ಚಲು

ಅದೇ ವಾರ ಗೌರಿಗೆ ಎಣ್ಣೆ ಹಚ್ಚಿ ಎರೆಯಲು ಕರೆದೆ. ಬಟ್ಟೆ ಬಿಚ್ಚಲು ಕೈ ಹಾಕಿದಾಗ ಅವಳು ಹಿಂದೆ ಸರಿದು ಅಂಗೈಯನ್ನು ನೆಟ್ಟಗೆ ನನ್ನ ಮುಖದ ಮುಂದೆ ಚಾಚಿದಳು.

"ಸ್ಟಾಪ್."

"ಏನವಾ?"

"ಸ್ಟಾಪ್, ಆಯಿ. ಮುಟ್ಟಬ್ಯಾಡ."

ನಾಲ್ಕು ವರ್ಷದ ಕೂಸು. ಆ ಮುಖದಲ್ಲಿ ಹಟವಿರಲಿಲ್ಲ, ಅಳುವಿರಲಿಲ್ಲ. ಯಾರೋ ಹೇಳಿಕೊಟ್ಟದ್ದನ್ನು ಒಪ್ಪಿಸಿದ ಹಾಗಿತ್ತು. ನನ್ನ ಕೈಯಲ್ಲಿದ್ದ ಎಣ್ಣೆ ಬಟ್ಟಲು ತಣ್ಣಗಾಯಿತು. ಇಷ್ಟು ಸಣ್ಣ ಕೂಸಿಗೆ ಮುಟ್ಟಬೇಡ ಎನ್ನುವ ಮಾತು ಯಾಕೆ ಬೇಕಾಯಿತು? ಯಾರು ಮುಟ್ಟಿದ್ದರು?

"ಹಂಗ ಅನ್ನಾಕ ಯಾರು ಕಲಿಸಿದ್ರು ನನ್ನವ್ವಾ?" ಬಟ್ಟಲು ಕೆಳಗಿಟ್ಟು ಕೇಳಿದೆ.

"ಯೆನ್ಸ್."

ಅಂದು ಸ್ನಾನ ಆಗಲಿಲ್ಲ. ನೀಲಾಗೆ ಹೇಳಲಿಲ್ಲ. ಬಸವರಾಜ ಸಮುದ್ರದೊಳಗಿನ ಗಾಳಿಕಂಬಗಳ ಕೆಲಸಕ್ಕೆ ಹೋದವನು ವಾರದ ಕೊನೆಗೆ ಬರುವವನಿದ್ದ. ಅವನಿಗೆ ಫೋನಿನಲ್ಲಿ ಹೇಳುವ ಮಾತೂ ಅಲ್ಲ ಅದು, ಸುಳ್ಳಾದರೆ ಒಬ್ಬ ಮನುಷ್ಯನ ಬದುಕು ಹಾಳು. ನಿಜವಾದರೆ ಎನ್ನುವುದನ್ನು ನನಗೆ ಪೂರ್ತಿ ಯೋಚಿಸಲೂ ಆಗಲಿಲ್ಲ. ನಾನೇ ಕಣ್ಣಾರೆ ನೋಡಬೇಕು ಎಂದು ನಿಶ್ಚಯಿಸಿದೆ.

ಬೇಲಿಯ ಹಿಂದೆ

ಮರುದಿನದಿಂದ ಗೌರಿಯನ್ನು ಬಿಟ್ಟು ಮನೆಯ ಕಡೆ ನಡೆದವಳ ಹಾಗೆ ಮಾಡಿ, ಬಳಸಿ ಬಂದು ಬೇಲಿಯ ಹಿಂದೆ ನಿಲ್ಲತೊಡಗಿದೆ. ಎಲೆಗಳ ನಡುವೆ ಒಂದು ಸಂದಿತ್ತು. ಅಲ್ಲಿಂದ ಬಯಲೂ ಕಾಣುತ್ತಿತ್ತು, ಕಟ್ಟಡದ ಪಕ್ಕದ ಕಿಟಕಿಯೂ ಕಾಣುತ್ತಿತ್ತು. ನೀಲಾ ಕೇಳಿದರೆ ವಾಕಿಂಗ್ ಎನ್ನುತ್ತಿದ್ದೆ. ಬನಹಟ್ಟಿಯಲ್ಲಿ ಎಂದೂ ವಾಕಿಂಗ್ ಹೋಗದವಳು.

ಯೆನ್ಸ್ ಎಲ್ಲಿ ಹೋದರೆ ಅಲ್ಲಿ ನನ್ನ ಕಣ್ಣು. ಅವನು ಮಕ್ಕಳ ಜೊತೆ ಹುಳ ಹುಡುಕಿದ. ಬಿದ್ದ ಹುಡುಗನ ಪಕ್ಕ ಹೋಗಿ ನಿಂತ, ಎತ್ತಲಿಲ್ಲ. ಅದು ನನಗೆ ಸಿಟ್ಟು ತರಿಸಿತು. ಗೌರಿಯನ್ನೂ ಇನ್ನೊಬ್ಬ ಹುಡುಗನನ್ನೂ ಗುಡಿಸಲಿನಂಥ ಆಟದ ಮನೆಯೊಳಗೆ ಕರೆದೊಯ್ದ. ನಾನು ಬೇಲಿಗೆ ಮುಖ ಒತ್ತಿದೆ. ಮುಳ್ಳು ಗೀರಿತು. ಒಳಗೆ ಅವರು ಎಲೆಗಳ ಅಡಿಗೆ ಮಾಡಿ ಅವನಿಗೆ ಬಡಿಸುತ್ತಿದ್ದರು. ಏನೂ ಸಿಗಲಿಲ್ಲ. ಏನೂ ಸಿಗದಿದ್ದಷ್ಟೂ ನನ್ನ ಅನುಮಾನ ಬಲಿಯಿತು. ಇಷ್ಟು ಒಳ್ಳೆಯವನಾಗಿರಲು ಕಾರಣ ಏನಿರಬೇಕು?

ಹಾದುಹೋಗುವ ತಂದೆತಾಯಿಗಳು ನನ್ನನ್ನು ತಿರುಗಿ ನೋಡುತ್ತಿದ್ದರು. ಒಬ್ಬಾಕೆ ತನ್ನ ಮಗುವನ್ನು ಆ ಬದಿಯಿಂದ ಈ ಬದಿಗೆ ಎಳೆದುಕೊಂಡಳು. ನಾನು ಕೊಡೆ ಅಡ್ಡ ಹಿಡಿದೆ.

ಹಾಗಿರುವಾಗ ಒಂದು ದಿನ ಜೋರು ಮಳೆ. ಗೌರಿ ಓಡುತ್ತಾ ಹೋಗಿ ನೀರಿನ ಗುಂಡಿಯಲ್ಲಿ ಬೋರಲಾಗಿ ಬಿದ್ದಳು. ಯೆನ್ಸ್ ಏನೋ ಕೇಳಿದ, ಅವಳು ತಲೆಯಾಡಿಸಿದಳು, ಅವನು ಎತ್ತಿಕೊಂಡು ಒಳಗೆ ಹೋದ. ಬಯಲಿನಲ್ಲಿ ಬೇರೆ ಮಕ್ಕಳು, ಬೇರೆ ಟೀಚರುಗಳು. ಒಳಗೆ ಅವನೊಬ್ಬ, ಗೌರಿಯೊಬ್ಬಳು. ನಾನು ಕಿಟಕಿಯ ಕಡೆ ಓಡಿದೆ. ಗಾಜಿನ ಮೇಲೆ ಮಳೆ ಇಳಿಯುತ್ತಿತ್ತು. ಅವನ ದೊಡ್ಡ ಕೈಗಳು ಗೌರಿಯ ಪ್ಯಾಂಟು ಕೆಳಗೆ ಜಗ್ಗುತ್ತಿದ್ದದ್ದು ಕಂಡಿತು.

ಮಕ್ಕಳ ಕೈಗೆ ಸಿಗದಷ್ಟು ಎತ್ತರದಲ್ಲಿದ್ದ ಗೇಟಿನ ಚಿಲಕ ನಾನು ಹೇಗೆ ತೆಗೆದೆನೋ ನೆನಪಿಲ್ಲ. ಕೆಸರು ಬೂಟಿನಲ್ಲೇ ಒಳಗೆ ನುಗ್ಗಿದೆ.

"ಬಿಡು. ಕೈ ಬಿಡು ಆ ಕೂಸಿನ್ನ."

ಪಾವರ್‌ಲೂಮಿನ ಸದ್ದಿನ ಮೇಲೆ ಕೇಳಿಸಬೇಕಾದ ನನ್ನ ದನಿ ಆ ಮೌನದ ಕಟ್ಟಡದಲ್ಲಿ ಹೇಗೆ ಕೇಳಿಸಿರಬೇಕು. ಯೆನ್ಸ್ ಎರಡೂ ಕೈ ಮೇಲೆತ್ತಿ ಹಿಂದೆ ಸರಿದ. ನಾನು ಗೌರಿಯ ರಟ್ಟೆ ಹಿಡಿದು ಎಳೆದೆ. ಗೌರಿ ಕಿರುಚಿದಳು. ನನ್ನ ಕಡೆ ಬರಲಿಲ್ಲ. ಹಿಂದೆ ಸರಿದು, ಗೋಡೆಗೆ ಒರಗಿ, ಒದ್ದೆ ಅಂಗೈ ಚಾಚಿದಳು.

"ಸ್ಟಾಪ್, ಆಯಿ."

ಆ ದಿನ ಅವಳು ಅಂಜಿದ್ದು ನನಗೆ.

ವಿಚಾರಣೆ

ಸಾಲಿಯ ಮುಖ್ಯಸ್ಥೆ ಬಿರ್ಗಿಟ್ ಎಂಬ ಬಿಳಿಗೂದಲಿನ ಹೆಂಗಸು. ಒಂದು ಮಾತೂ ಗದರಲಿಲ್ಲ. ನನ್ನನ್ನು ಕೂರಿಸಿ, ಕಾಫಿ ಕೊಟ್ಟು, ನೀಲಾಗೆ ಫೋನು ಮಾಡಿದರು. ನೀಲಾ ಹಸಿ ಬಾಣಂತಿ, ಕಿವಿಗೆ ಹತ್ತಿ ಇಲ್ಲ, ತಲೆಗೆ ಬಟ್ಟೆ ಇಲ್ಲ, ಕೂಸಿನ ಗಾಡಿ ನೂಕಿಕೊಂಡು ಆ ಮಳೆಯಲ್ಲಿ ಬಂದಳು. ಅದನ್ನು ನೋಡಿ ನನಗೆ ಸಂಕಟವಾದಷ್ಟು ಬೇರೆ ಯಾವುದಕ್ಕೂ ಆಗಲಿಲ್ಲ.

"ಏನ್ ಮಾಡಿದಿ ಬೇ ದೊಡ್ಡವ್ವ?"

ನಾನು ಎಲ್ಲವನ್ನೂ ಹೇಳಿದೆ. ಬಚ್ಚಲಿನಲ್ಲಿ ಗೌರಿ ಅಂಗೈ ಚಾಚಿದ್ದು, ಯೆನ್ಸ್ ಹೆಸರು ಹೇಳಿದ್ದು, ಬೇಲಿ, ಸಂದಿ. ಹೇಳುತ್ತಾ ಹೋದಂತೆ ನೀಲಾಳ ಮುಖ ಬಿಳಿಚಿತು. ಅವಳು ತುಂಡು ತುಂಡಾಗಿ ಆ ಭಾಷೆಗೆ ತಿರುಗಿಸಿದಳು. ಯೆನ್ಸ್ ಎದುರಿಗೇ ಕೂತು ಕೇಳಿಸಿಕೊಂಡ. ಅವನ ಕಿವಿ ಕೆಂಪಾದವು.

ಮೊದಲು ಬಿರ್ಗಿಟ್ ಮಾತಾಡಿದರು. ನೀಲಾ ನನಗೆ ಹೇಳಿದಳು: "ಇಲ್ಲಿ ಬಟ್ಟಿ ಬದಲಸೂಮುಂದ ಬಾಗಲಾ ಮುಚ್ಚಂಗಿಲ್ಲಂತ. ಇನ್ನೊಬ್ಬರು ಕಾಣೂವಂಗ ಕೂಡ್ರಬೇಕಂತ. ಇವತ್ತ ತಾನ ಎದುರಿಗೆ ಕುಂತಿದ್ನಿ ಅಂತಾಳ."

ನಾನು ಅವರನ್ನು ನೋಡಿರಲೇ ಇಲ್ಲ. ಯೆನ್ಸನ ಕೈಗಳನ್ನಷ್ಟೇ ನೋಡಿದ್ದೆ.

"ನಿನ್ನನ್ನ ಬೇಲಿ ಹಿಂದ ಮೊದಲನೇ ದಿನಾನ ನೋಡಿದ್ರಂತ. ಬ್ಯಾರೆ ಮಕ್ಕಳ ಅವ್ವ ಅಪ್ಪ ಅಂಜಿ, ಪೊಲೀಸರಿಗೆ ಹೇಳೂನು ಅಂದ್ರಂತ. ಯೆನ್ಸ್ ಬ್ಯಾಡ ಅಂದನಂತ. ಗೌರಿ ಆಯಿ ಅದಾಳ, ನಿಂತು ನೋಡ್ಲಿ ಅಂದನಂತ."

"ಯಾಕ?" ಅಂದೆ.

ಯೆನ್ಸ್ ಮೇಜಿನ ಮೇಲೆ ಕೈಯಿಟ್ಟುಕೊಂಡು ನಿಧಾನಕ್ಕೆ ಮಾತಾಡಿದ. ನೀಲಾ ಅವನ ಮಾತನ್ನು ಅಷ್ಟೇ ನಿಧಾನಕ್ಕೆ ಹೇಳಿದಳು.

"ಗಂಡಸು ಅಂತ ಎಲ್ಲಾರೂ ನನ್ನ ಕೈ ನೋಡ್ತಾರ. ನನಗ ಬ್ಯಾಸರ ಆಗ್ತೈತಿ, ಅದು ಖರೆ. ಆದರ ಮಕ್ಕಳನ್ನ ನೋಡ್ಕೊಳ್ಳಾವ್ರನ್ನ ಯಾರರೆ ನೋಡ್ತಿರಬೇಕು. ಯಾರೂ ನೋಡಲಾರದ ಸಾಲಿಗೆ ನನ್ನ ಮಗಳನ್ನ ನಾ ಕಳಸಂಗಿಲ್ಲ."

ಅಂಗೈಯ ವಿಷಯವನ್ನೂ ಅವನೇ ಹೇಳಿದ. ಅಲ್ಲಿ ಪ್ರತಿ ಮಗುವಿಗೂ ಅದನ್ನು ಕಲಿಸುತ್ತಾರೆ. ಬೇಡವೆನಿಸಿದರೆ ಅಂಗೈ ಚಾಚಿ ಸ್ಟಾಪ್ ಎನ್ನಬೇಕು. ಹಾಗಂದವರನ್ನು ಯಾರೂ ಮುಟ್ಟಕೂಡದು. ಏನಾದರೂ ಆದ ಮೇಲೆ ಕಲಿಸುವ ಮಾತಲ್ಲವಂತೆ ಅದು, ಆಗದಿರಲಿ ಎಂದು ಕಲಿಸುವುದಂತೆ.

ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. "ಟೀಚರಿಗೂ ಹಂಗ ಅನ್ನಬೇಕೇನು?"

"ಟೀಚರಿಗೂ."

"ಅವ್ವ ಅಪ್ಪಗೂ?"

"ಅವ್ವ ಅಪ್ಪಗೂ."

"ಎಣ್ಣಿ ಹಚ್ಚಿ ಎರಿಯೂ ಆಯಿಗೂ?"

ನೀಲಾ ಅದನ್ನು ತಿರುಗಿಸುವ ಮೊದಲೇ, ಒಣ ಬಟ್ಟೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ ಗೌರಿ ಅಂದಳು, "ಆಯಿಗೂ."

ಬಿರ್ಗಿಟ್‌ಗೆ ಕನ್ನಡ ಬಾರದಿದ್ದರೂ ನಕ್ಕರು. ನಾನು ನಗಲಿಲ್ಲ. ಯೆನ್ಸನ ಕಡೆ ತಿರುಗಿ ಕೈ ಮುಗಿದೆ. ಅದು ಕ್ಷಮೆಯೋ, ಇನ್ನೂ ನೋಡುತ್ತಿರುತ್ತೇನೆ ಎಂಬ ಸೂಚನೆಯೋ ನನಗೇ ಖಚಿತವಿರಲಿಲ್ಲ. ಅವನೂ ಕೈ ಮುಗಿದ.

ಸಣ್ಣ ಕುರ್ಚಿ

ಬೇಲಿಯ ಹಿಂದೆ ನಿಲ್ಲುವ ಬದಲು ಒಳಗೇ ಬಂದು ಕೂಡಿ ಎಂದರು. ಮಕ್ಕಳ ಕುರ್ಚಿಯೊಂದರಲ್ಲಿ, ಮೊಳಕಾಲು ಗದ್ದಕ್ಕೆ ತಾಗುವಂತೆ, ನಾನು ಹಿಂತಿರುಗುವವರೆಗೂ ಬೆಳಗಿನ ಹೊತ್ತು ಅಲ್ಲಿ ಕೂತೆ. ಒಳಗೆ ಕೂಡಲು ಸುಲಭವಾಗಿ ಒಪ್ಪಿದ್ದೂ ನನಗೆ ಅನುಮಾನವೇ. ನಾನಿದ್ದಾಗ ನಾಟಕ ಮಾಡಿದರೆ? ಅದಕ್ಕೇ ಬರುವ ಹೊತ್ತು ಬದಲಿಸುತ್ತಿದ್ದೆ, ಹೇಳದೆ ಬರುತ್ತಿದ್ದೆ.

ಒಂದು ಬೆಳಗ್ಗೆ ಯೆನ್ಸ್ ಸಣ್ಣ ಹುಡುಗನಿಗೆ ಕಚಗುಳಿ ಇಡುತ್ತಿದ್ದ. ಹುಡುಗ ಬಿದ್ದು ಬಿದ್ದು ನಗುತ್ತಿದ್ದ. ನಗುತ್ತಲೇ ಸ್ಟಾಪ್ ಎಂದ. ಯೆನ್ಸನ ಕೈಗಳು ಕಾದ ಹಂಚು ಮುಟ್ಟಿದ ಹಾಗೆ ಮೇಲೆದ್ದವು. ಹುಡುಗ ಒಂದು ಗಳಿಗೆ ಅವನನ್ನೇ ನೋಡಿದ. ಇನ್ನೊಮ್ಮೆ ಎಂದು ಹತ್ತಿರ ಬಂದ. ಯೆನ್ಸ್ ಮತ್ತೆ ಶುರುಮಾಡಿದ. ಮತ್ತೆ ಸ್ಟಾಪ್, ಮತ್ತೆ ಕೈ ಮೇಲೆ. ಆ ಹುಡುಗನಿಗೆ ಕಚಗುಳಿಗಿಂತ ತನ್ನ ಮಾತು ನಡೆಯುವುದೇ ಹೆಚ್ಚು ಸುಖ ಕೊಡುತ್ತಿತ್ತು. ನಮ್ಮ ಕಡೆ ಮಕ್ಕಳು ನಗುತ್ತಾ ಬ್ಯಾಡ ಎಂದರೆ ನಾವು ಇನ್ನಷ್ಟು ಕಚಗುಳಿ ಇಡುತ್ತೇವೆ. ಅದು ಪ್ರೀತಿ ಎಂದೇ ಎಲ್ಲರೂ ತಿಳಿದದ್ದು. ಯಾರೂ ನೋಡುತ್ತಿಲ್ಲವೆಂದು ಅವನು ಅಂದುಕೊಂಡಿದ್ದ ಹೊತ್ತು ಅದು. ನಾನು ಬಾಗಿಲ ಹಿಂದೆ ಬೂಟು ಬಿಚ್ಚುತ್ತಿದ್ದೆ. ಅಂದಿನಿಂದ ಅವನ ಕೈ ನೋಡುವುದನ್ನು ಕಡಿಮೆ ಮಾಡಿದೆ.

ಅವರ ಎಲ್ಲವೂ ನನಗೆ ಹಿಡಿಸಲಿಲ್ಲ. ಬಿದ್ದು ಅಳುವ ಕೂಸನ್ನು ಎದ್ದೇಳಲಿ ಎಂದು ಕಾಯುವುದು ನನ್ನಿಂದಾಗದು. ಒಮ್ಮೆ ಅವ್ವ ಬಿಟ್ಟುಹೋದಳೆಂದು ಕಿಟಕಿ ಹಿಡಿದು ಬಿಕ್ಕುತ್ತಿದ್ದ ಹುಡುಗಿಯ ಪಕ್ಕ ಹೋಗಿ ಸುಮ್ಮನೆ ತೊಡೆ ತಟ್ಟಿ ತೋರಿಸಿದೆ. ಅವಳು ಯೋಚಿಸಿ, ಬಂದು ಕೂತಳು. ನಮ್ಮ ಮಕ್ಕಳಿಗೆ ಮಾಡುವ ಹಾಗೆ ಬೆನ್ನು ಸವರುತ್ತಾ ಹೂಂಗುಟ್ಟಿದೆ. ಅವಳಿಗೆ ನಿದ್ದೆ ಬಂತು. ಬಿರ್ಗಿಟ್ ಒಂದು ಹೊದಿಕೆ ತಂದು ಅವಳಿಗೆ ಹೊದಿಸಿದರು.

ಗೌರಿಯ ಎಣ್ಣೆ ಸ್ನಾನವೂ ಆಯಿತು. ತಲೆಗೆ ಹಾಕ್ಲಿ? ಹಾಕು. ಬೆನ್ನಿಗೆ ಹಚ್ಲಿ? ಹಚ್ಚು. ಪ್ರತಿಯೊಂದಕ್ಕೂ ಕೇಳಿ ಕೇಳಿ ಎರೆಯುವಷ್ಟರಲ್ಲಿ ನೀರು ಆರಿಹೋಗುತ್ತಿತ್ತು.

ಬನಹಟ್ಟಿ

ಹಿಂತಿರುಗಿ ಬಂದಾಗ ಬೇಸಿಗೆ ಶುರುವಾಗಿತ್ತು. ಬಸ್ಸಿಳಿದ ಕೂಡಲೇ ಮಗ್ಗಗಳ ಸದ್ದು ಕೇಳಿ ಜೀವ ತಂಪಾಯಿತು. ಶಾಂತವ್ವ ಬಾಲವಾಡಿಯನ್ನು ಚೆನ್ನಾಗಿಯೇ ನಡೆಸಿದ್ದಳು. ಆ ಊರಿನ ಸುದ್ದಿಯೆಲ್ಲ ಕೇಳಿದ ಮೇಲೆ ಈ ಊರಿನದು ಹೇಳಿದಳು.

"ಸಾಹುಕಾರ್ರು ಈಗ ವಾರಾ ವಾರಾ ಬರಾಕತ್ತಾರ್ರಿ. ಧಂದೇ ಎಲ್ಲಾ ಮಗಗ ವಹಿಸ್ಯಾರಂತ. ಮಕ್ಕಳಿಗೆ ಪೇಢೆ ತರ್ತಾರ."

ನಮ್ಮ ಬಾಲವಾಡಿ ನಡೆಯುವ ಕೋಣೆ ಈ ಸಾಹುಕಾರರದು. ನೂಲಿನ ವ್ಯಾಪಾರಿ, ವಯಸ್ಸಾದವರು. ಊರಿನಲ್ಲಿ ಅವರು ಎದುರಾದರೆ ಜನ ಚಪ್ಪಲಿ ಬಿಟ್ಟು ಪಕ್ಕಕ್ಕೆ ಸರಿಯುತ್ತಾರೆ. ನಾನು ಊರು ಬಿಡುವ ಮುಂಚೆ ಅವರು ನಮ್ಮ ಹೊಸ್ತಿಲು ತುಳಿದದ್ದು ನನಗೆ ನೆನಪಿಲ್ಲ.

ಶನಿವಾರ ಬಂದರು. ಬಿಳಿ ಧೋತರ, ಕೈಯಲ್ಲಿ ಪೇಢೆಯ ಪೊಟ್ಟಣ. ಚಾಪೆಯ ಮೇಲೆ ಕೂತರು. ಮಕ್ಕಳು ಕೈ ಒಡ್ಡಿಕೊಂಡು ಸುತ್ತುವರಿದವು. ಭಾಗ್ಯಾ ಎನ್ನುವ ಮೂರೂವರೆ ವರ್ಷದ ಹುಡುಗಿ ಮಾತ್ರ ಹಿಂದೆ ನಿಂತಿದ್ದಳು, ಶಾಂತವ್ವನ ಸೀರೆ ಹಿಡಿದು. ಸಾಹುಕಾರರು ಅವಳನ್ನೇ ಎಳೆದು ತೊಡೆಯ ಮೇಲೆ ಕೂರಿಸಿಕೊಂಡರು. ಅವಳು ಮಿಸುಕಿದಳು. ಅವರು ನಕ್ಕು ಇನ್ನೂ ಬಿಗಿಯಾಗಿ ಹಿಡಿದರು. "ಬ್ಯಾಡ" ಎಂದಳು, ಮೆತ್ತಗೆ. ನಮ್ಮ ಮಕ್ಕಳು ಮೆತ್ತಗೆ ಮಾತಾಡುವುದಿಲ್ಲ.

ಕೋಣೆ ಅವರದು. ಮರುದಿನ ಬೀಗ ಹಾಕಿದರೆ ಕೇಳುವವರಿಲ್ಲ. ಮತ್ತೆ, ಅಜ್ಜನಂಥವರು, ನಾನು ನೋಡಿದ್ದಾದರೂ ಏನು? ಒಂದು ಹಿಡಿತ, ಒಂದು ಮಿಸುಕಾಟ. ಒಬ್ಬನ ಕೈಗಳನ್ನು ತಪ್ಪು ತಿಳಿದು ಬಂದವಳು ನಾನು. ಇಷ್ಟೆಲ್ಲ ತಲೆಯಲ್ಲಿ ಸುಳಿಯುತ್ತಿರುವಾಗಲೇ ನನ್ನ ಬಾಯಿ ಮಾತಾಡಿತು.

"ಸಾಹುಕಾರ್ರ, ಕೂಸು ಬ್ಯಾಡ ಅನ್ನಾಕತ್ತೈತಿ. ಕೆಳಗ ಬಿಡ್ರಿ."

"ಏನು?"

"ಬ್ಯಾಡ ಅಂತೈತ್ರಿ ಕೂಸು. ಬಿಡ್ರಿ."

ಕೋಣೆಯಲ್ಲಿ ಒಂದು ಮಗುವೂ ಉಸಿರೆತ್ತಲಿಲ್ಲ. ಅವರ ಮುಖ ಕಪ್ಪಿಟ್ಟಿತು. ಕೈ ಸಡಿಲಾಯಿತು. ಭಾಗ್ಯಾ ಜಾರಿ ಇಳಿದು ಶಾಂತವ್ವನ ಹಿಂದೆ ಓಡಿದಳು. ಸಾಹುಕಾರರು ಎದ್ದು ಧೋತರ ಝಾಡಿಸಿಕೊಂಡರು. "ಪರದೇಶಕ್ಕ ಹೋಗಿ ಬಂದು ಭಾಳ ಕಲತೀರಿ" ಎಂದು ಹೊರಟುಹೋದರು. ಪೇಢೆಯ ಪೊಟ್ಟಣ ಚಾಪೆಯ ಮೇಲೆ ಉಳಿಯಿತು. ಯಾವ ಮಗುವೂ ಮುಟ್ಟಲಿಲ್ಲ.

"ಕೋಣಿ ಹೋತು ಬಿಡ್ರಿ ಅಕ್ಕಾರ" ಎಂದಳು ಶಾಂತವ್ವ.

ನಾನೂ ಹಾಗೇ ಅಂದುಕೊಂಡಿದ್ದೆ. ಸೋಮವಾರ ಮಧ್ಯಾಹ್ನ ಸಾಹುಕಾರರ ಮನೆಯಿಂದ ಬಂದವರು ಅವರ ಹೆಂಡತಿ. ಬೀರೇಶ್ವರನ ಗುಡಿಗೆಂದು ಹೇಳಿ ಬಂದಿದ್ದರಂತೆ. ಜೊತೆಗೆ ಇಬ್ಬರು ಮೊಮ್ಮಕ್ಕಳು, ಹೆಣ್ಣುಮಕ್ಕಳು, ಇಂಗ್ಲಿಷ್ ಸಾಲಿಯ ಸಮವಸ್ತ್ರದಲ್ಲಿ. ಆಕೆ ಬಾಗಿಲಲ್ಲೇ ನಿಂತರು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡರು.

"ಶನಿವಾರ ನೀವು ಅಂದದ್ದು ಕೇಳಿದೆ."

"ತಪ್ಪು ತಿಳಕೋಬ್ಯಾಡ್ರಿ..." ಎಂದು ಶುರುಮಾಡಿದೆ.

"ನಾ ತಪ್ಪು ತಿಳಕೊಂಡಿಲ್ಲ." ಆಕೆ ನನ್ನ ಕಣ್ಣು ನೋಡಲಿಲ್ಲ, ಮೊಮ್ಮಕ್ಕಳ ತಲೆಯ ಮೇಲೆ ಕೈಯಿಟ್ಟರು. "ಇವಕ್ಕೂ ಹಂಗ ಅನ್ನಾಕ ಕಲಸ್ರಿ. ಸಾಲಿ ಬಿಟ್ಟ ಮ್ಯಾಲ ಇಲ್ಲೇ ಇರ್ಲಿ. ಮಗ ಸೊಸಿ ಅಂಗಡಿಯಿಂದ ಬಂದು ಕರ್ಕೊಂಡು ಹೋಗ್ತಾರ. ಮನ್ಯಾಗ ಬ್ಯಾಡ."

ಧಂದೆ ಮಗನಿಗೆ ಬಿಟ್ಟ ಮೇಲೆ ದಿನವಿಡೀ ಮನೆಯಲ್ಲಿರುವವರು ಸಾಹುಕಾರರೇ. ಆಕೆ ಹೆಚ್ಚು ಹೇಳಬೇಕಾಗಿರಲಿಲ್ಲ. ಮಗನಿಗೂ ಸೊಸೆಗೂ ಹೇಗೆ ಹೇಳುವುದು, ಜಮಖಂಡಿಯಲ್ಲಿ ಪೊಲೀಸರದೋ ಮಕ್ಕಳ ರಕ್ಷಣೆಯವರದೋ ಯಾವ ಬಾಗಿಲು ತಟ್ಟುವುದು ಎಂದು ನನ್ನ ತಲೆ ಓಡತೊಡಗಿತ್ತು. ಆದರೆ ಅದಕ್ಕಿಂತ ಮೊದಲು ಎದುರಿಗೆ ಈ ಎರಡು ಮಕ್ಕಳು.

ದೊಡ್ಡವಳು ಬೂಟು ಬಿಚ್ಚಿ ಒಳಗೆ ಬಂದಳು. ಸಣ್ಣವಳು ಅಜ್ಜಿಯ ಸೀರೆ ಬಿಡಲಿಲ್ಲ. ಎತ್ತಿಕೊಳ್ಳಲು ಬಗ್ಗಿದವಳು ಅರ್ಧಕ್ಕೆ ನಿಂತೆ.

"ಎತ್ಕೊಳ್ಳಲೇನವಾ?"

ಅವಳು ನನ್ನನ್ನು ಬಹಳ ಹೊತ್ತು ನೋಡಿದಳು. ಇಲ್ಲವೆಂದು ತಲೆಯಾಡಿಸಿದಳು.

ನಾನು ಅವಳ ಪಕ್ಕಕ್ಕೆ, ಹೊಸ್ತಿಲ ಹತ್ತಿರ ನೆಲದ ಮೇಲೆ ಕೂತೆ.